ತುಟಿಯಂಚು

ಮಣ್ಣಿನ ತಲೆಯ ಹಣೆ ಮೇಲೆ ತಾನು ಗೀರದ ಗೆರೆಯೊಂದು ಕಂಡ ಬೆಳಿಗ್ಗೆ, ಅವಳು ಮೊದಲು ಬೈದದ್ದು ತಮ್ಮನಿಗೆ. ಆ ಮನೆಯಲ್ಲಿ ಏನು ಕೆಟ್ಟರೂ ಬೈಗುಳ ನೇರ ಹೋಗಿ ಬೀಳುತ್ತಿದ್ದದ್ದು ಅವನ ತಲೆ ಮೇಲೆಯೇ.

"ನಾನ್ಯಾಕೆ ಮುಟ್ಲಿ ಅದನ್ನ? ನನ್ನ ಮುಖ ನನ್ನ ಹತ್ರಾನೇ ಇದೆಯಲ್ಲ," ಎಂದ ಅವನು.

ಅವಳದು ಮೇಕಪ್ ಕೋರ್ಸಿನ ಕೊನೆಯ ವರ್ಷ. ಪರೀಕ್ಷೆಗೆ ಹಳೆಯ ಕಾಲದ ಮುದುಕನೊಬ್ಬನನ್ನು ಮಾಡಿ ತೋರಿಸಬೇಕಿತ್ತು. ತಮ್ಮನ ಮುಖದ ಅಚ್ಚು ತೆಗೆದು, ಅದರಿಂದ ಪ್ಲಾಸ್ಟರಿನ ತಲೆ ಎರೆದು, ಅದರ ಮೇಲೆ ಜೇಡಿಮಣ್ಣು ಮೆತ್ತಿ, ಎಂಬತ್ತು ದಾಟಿದ ಗಡಿಯಾರ ರಿಪೇರಿಯವನನ್ನು ಕೆತ್ತುತ್ತಿದ್ದಳು. ಆ ಮಣ್ಣಿನ ಮುಖದ ಅಚ್ಚಿನಿಂದ ತೆಳ್ಳನೆಯ ರಬ್ಬರ್ ಮುಖವಾಡ ತೆಗೆದು ತಮ್ಮನಿಗೆ ಅಂಟಿಸಿದರೆ ಕೆಲಸ ಮುಗಿಯಿತು. ತಮ್ಮನಿಗೆ ಮನೆಯಲ್ಲಿ ರೇಡಿಯೋ ಎಂದೇ ಹೆಸರು. ಅವನನ್ನು ಗಂಟೆಗಟ್ಟಲೆ ಬಾಯಿ ಮುಚ್ಚಿಸಿ ಕೂರಿಸುವುದೇ ಎಲ್ಲಕ್ಕಿಂತ ದೊಡ್ಡ ಸ್ಪೆಷಲ್ ಎಫೆಕ್ಟ್.

ಮರುದಿನ ಬಾಯಿಯ ಪಕ್ಕ ಎರಡು ಮಡಿಕೆಗಳು ಹೆಚ್ಚಾಗಿದ್ದವು. ಆಮೇಲೊಂದು ದಿನ ಎಡಗಣ್ಣಿನ ರೆಪ್ಪೆ ಕೊಂಚ ಜೋತುಬಿದ್ದಿತ್ತು. ಅಳಿಸೋಣವೆಂದರೆ ಅವಳಿಗೆ ಕೈ ಬರಲಿಲ್ಲ. ಹಾಳಾದವು, ಅವಳ ಗೆರೆಗಳಿಗಿಂತ ಚೆನ್ನಾಗಿದ್ದವು! ಹೊಗಳುವುದರಲ್ಲಿ ಮಹಾ ಜಿಪುಣಿಯಾದ ಕಾಲೇಜಿನ ಮೇಡಂ, ಫೋಟೋದಲ್ಲಿ ಸರಿಯಾಗಿ ಆ ರೆಪ್ಪೆಯ ಮೇಲೆಯೇ ಬೆರಳಿಟ್ಟು, "ಇಲ್ಲಿ ಜೀವ ಇದೆ ನೋಡು," ಎಂದರು. ಖುಷಿಪಡುವ ಬದಲು ಅವಳು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ನೋಡಿದಳು. ಮನೆಯ ಹಿಂದಿನ ಕೋಣೆಯಲ್ಲಿ ದಿನದಿನಕ್ಕೆ ಮೂಡಿಬರುತ್ತಿದ್ದದ್ದು ಗಡಿಯಾರದವನ ಮುಖವಲ್ಲ. ಅಪ್ಪನದು. ಐವತ್ತೂ ತುಂಬದೆ ತೀರಿಹೋದ ಅಪ್ಪ ಅಲ್ಲಿ ಹಣ್ಣು ಮುದುಕರಾಗಿ ಕೂತಿದ್ದರು.

ಒಂದು ಬೆಳಿಗ್ಗೆ ಆ ಕೋಣೆಯಿಂದ ಪಿಸುಮಾತು ಕೇಳಿಸಿತು. ಅವಳು ಬಾಗಿಲು ತಳ್ಳಿದಳು. ಅಮ್ಮ ತಲೆಪಿನ್ನು ಹಿಡಿದು ಮಣ್ಣಿನ ಕೆನ್ನೆಯ ಮೇಲೆ ಬಗ್ಗಿದ್ದಳು. "ನಲ್ಲಿ ಮತ್ತೆ ಸೋರ್ತಿದೆ ಕಣ್ರೀ," ಎಂದು ಅದಕ್ಕೆ ವರದಿ ಒಪ್ಪಿಸುತ್ತಿದ್ದಳು.

"ಅಮ್ಮಾ!"

ಅಮ್ಮ ಬೆಚ್ಚಲೂ ಇಲ್ಲ. "ನೀನು ಯಾರೋ ಮುದುಕನ್ನ ಮಾಡ್ತಿದ್ದೆ. ನಾನು ನಿಮ್ಮಪ್ಪನ್ನ ಮುದುಕ ಮಾಡ್ದೆ. ಒಟ್ಟಿಗೇ ಮುದುಕರಾಗೋಣ ಅಂದಿದ್ರು. ಮಾತು ಉಳಿಸ್ಕೊಳ್ಲಿಲ್ಲ." ಪಿನ್ನನ್ನು ಮುಡಿಗೆ ಸಿಕ್ಕಿಸಿಕೊಂಡು ಕೇಳಿದಳು, "ಪರೀಕ್ಷೆ ಮುಗಿದ ಮೇಲೆ ಇವ್ರು ಇಲ್ಲೇ ಇರ್ತಾರಲ್ಲ?"

ಮಗಳು ಹೂಂ ಎಂದುಬಿಟ್ಟಳು. ಅಚ್ಚು ಬಿಚ್ಚುವಾಗ ಮಣ್ಣು ಹೆಂಟೆಹೆಂಟೆಯಾಗಿ ಬರುತ್ತದೆ, ಮುಖವಾಡ ಕಿತ್ತಾಗ ಹರಿದೇ ಹೋಗುತ್ತದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅಮ್ಮನಿಂದ ಅಪ್ಪನನ್ನು ಎರಡನೇ ಸಲ ಕಿತ್ತುಕೊಳ್ಳುವವಳು ತಾನೇ ಎಂಬ ಸಂಕಟ ಅವಳನ್ನು ಒಳಗೊಳಗೇ ತಿಂದಿತು.

ಪರೀಕ್ಷೆಯ ದಿನ ಕಾಲೇಜಿನಲ್ಲಿ ತಮ್ಮನಿಗೆ ಮುಖವಾಡ ಅಂಟಿಸಿ, ಬಣ್ಣ ಹಚ್ಚಿ, ನರೆಗೂದಲಿನ ಟೋಪನ್ ಕೂರಿಸಿದಳು. ಕೊನೆಗೆ ಉಳಿದದ್ದು ತುಟಿಯಂಚು. ಅಲ್ಲಿ ರಬ್ಬರು ಈರುಳ್ಳಿ ಸಿಪ್ಪೆಯಷ್ಟು ತೆಳು. ಒಂದು ಮಾತಾಡಿದರೂ ಅಂಚು ಎದ್ದು ಬಿರಿಯುತ್ತದೆ.

"ನಾನು ತೆಗೆಯೋವರೆಗೂ ತುಟಿ ಬಿಚ್ಚಿದ್ರೆ ಕೊಂದ್ಬಿಡ್ತೀನಿ." ರೇಡಿಯೋ ತಲೆಯಾಡಿಸಿದ.

ಮೇಡಂ ಮಾರ್ಕ್ಸ್ ಹಾಕಿ ಹೋದರು. ಆಮೇಲೆ ಅಮ್ಮ ಬಂದಳು. ಕುರ್ಚಿಯ ಎದುರು ಕೂತು, ಮುದುಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಮಗಳು ಎಲ್ಲ ಹೇಳಿದಳು. ಮಣ್ಣಿನ ಮುಖ ಆಗಲೇ ಹೋಯಿತು, ಈಗ ಇದೂ ಹೋಗುತ್ತದೆ.

"ತೆಗೀಬೇಡ. ಹೀಗೇ ಮನೆಗೆ ಕರ್ಕೊಂಡು ಹೋಗೋಣ."

"ಅಮ್ಮ, ಅವನ ಚರ್ಮ ಬೆಂದುಹೋಗುತ್ತೆ."

"ಇವತ್ತೊಂದು ದಿನ." ಅಮ್ಮನ ಹಿಡಿತ ಬಿಗಿಯಾಯಿತು. ತಮ್ಮನ ಉಗುರುಗಳು ಬೆಳ್ಳಗಾದವು. ಮಗಳು ಬಿಡಿಸಲು ನೋಡಿದಳು, ಆಗಲಿಲ್ಲ. ಹೆತ್ತವಳನ್ನು ಕಂಡು ಅವಳು ಹೆದರಿದ್ದು ಅದೇ ಮೊದಲು.

"ಬಿಡೇ ಗುಬ್ಬಿ," ಎಂದಿತು ಮುದಿಯಾದ, ಕೊಂಚ ಒಡಕು ದನಿಯೊಂದು. "ಮಗು ಬೆವರ್ತಿದೆ."

ಅಮ್ಮ ಕೈ ಬಿಟ್ಟಳು. ಎದ್ದು ಹೋಗಿ ಕಿಟಕಿಯ ಬಳಿ ನಿಂತಳು.

ಭಲೇ ಹುಡುಗ, ಸಮಯಕ್ಕೆ ಸರಿಯಾಗಿ ನಾಟಕ ಆಡಿದ, ಎಂದುಕೊಂಡು ಮಗಳು ಅಂಟು ಬಿಡಿಸುವ ಎಣ್ಣೆಯಲ್ಲಿ ಬ್ರಷ್ ಅದ್ದಿ ಅವನ ಮುಖದ ಹತ್ತಿರ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು. ತುಟಿಯಂಚು ಎರಡೂ ಕಡೆ ಹಚ್ಚಿದ್ದು ಹಚ್ಚಿದಂತೆಯೇ ಇತ್ತು. ಮೇಲೆ ಹಾಕಿದ ಪೌಡರ್ ಕೂಡ ಬಿರಿದಿರಲಿಲ್ಲ. ಆ ಬಾಯಿಂದ ಒಂದಕ್ಷರವೂ ಹೊರಗೆ ಬಂದಿರಲಿಲ್ಲ.

ಅಂಚಿಗೆಲ್ಲ ಎಣ್ಣೆ ಹಚ್ಚಿ ಮುಖವಾಡ ಕಿತ್ತಳು. ಅದು ಹಣೆಯ ಗೆರೆಯಗುಂಟ ಹರಿಯಿತು. ಒಳಗಿಂದ ಬೆವರಿನಲ್ಲಿ ತೊಯ್ದ ತಮ್ಮನ ಮುಖ ಹೊರಬಂತು.

"ಅಬ್ಬಾ! ಹುಟ್ಟಿದಾಗಿಂದ ಇಷ್ಟೊತ್ತು ಸುಮ್ನಿದ್ದಿದ್ದು ಇದೇ ಮೊದಲು," ಎಂದು ಉಸಿರುಬಿಟ್ಟ ಅವನು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅಮ್ಮ, ಗುಬ್ಬಿ ಅಂದ್ರೆ ಯಾರು?"

ಅಮ್ಮ ಕಿಟಕಿಯಿಂದ ಬಂದು, ಹರಿದ ತುಂಡುಗಳನ್ನೆಲ್ಲ ತಾನೇ ಆರಿಸಿ ಕಸದ ಬುಟ್ಟಿಗೆ ಹಾಕಿದಳು.

"ನಾನು ಕಣೋ," ಎಂದಳು. "ಏಳು, ಮುಖ ತೊಳ್ಕೋ. ಮನೆಗೆ ಹೋಗೋಣ."