ನಲವತ್ತೊಂದು ಮಂದಿಗೆ ಒಬ್ಬಳೇ ಅವ್ವ

ಬ್ಲಾಗ್ ಅಂದರೇನು ಎಂದು ಅನುರಾಧಾ ಮೂರು ವಾರ ಗಂಟಲು ಹರಿದುಕೊಂಡು ಪಾಠ ಮಾಡಿದ್ದಳು. ನಾಲ್ಕನೆಯ ವಾರ ಬಿ.ಎ. ಎರಡನೇ ವರ್ಷದ ನಲವತ್ತೊಂದು ಮಂದಿ ತಮ್ಮ ತಮ್ಮ ಬ್ಲಾಗ್ ತಂದು ಮೇಜಿನ ಮೇಲೆ ಇಟ್ಟರು. ಹೌದು, ಮೇಜಿನ ಮೇಲೆ. ಉದ್ದ ಹಾಳೆಗೆ ಎಡಕ್ಕೆ ಮಾರ್ಜಿನ್ ಎಳೆದು, ಕೆಂಪು ಇಂಕಿನಲ್ಲಿ ‘ಪೀಠಿಕೆ’ ಎಂದು ಬರೆದು, ಅದರ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಹೊಡೆದು, ಮೂಲೆಗೆ ದಾರ ಕಟ್ಟಿದ ಬ್ಲಾಗುಗಳು. ನಾಲ್ಕೈದು ಜಾಣರು ಆ ಹಾಳೆಗಳಿಗೇ ಫೋಟೊ ಹೊಡೆದು ಇಂಟರ್ನೆಟ್ಟಿಗೂ ಏರಿಸಿದ್ದರು. ಅದರಲ್ಲಿ ಒಬ್ಬನ ಹೆಬ್ಬೆರಳೂ ಬಂದಿತ್ತು.

ಅನುರಾಧಾ ರಾಯಚೂರಿನ ಈ ಕಾಲೇಜಿನಲ್ಲಿ ಎಂಟು ವರ್ಷದಿಂದ ಅತಿಥಿ ಉಪನ್ಯಾಸಕಿ. ದಿನಾ ಮಾನ್ವಿಯಿಂದ ಬಸ್ಸಿನಲ್ಲಿ ನಿಂತು ಬಂದು, ನಿಂತು ಪಾಠ ಮಾಡಿ, ನಿಂತೇ ವಾಪಸು ಹೋಗುವವಳು. ಕನ್ನಡದ ಹೊಸ ಪಠ್ಯದಲ್ಲಿ ಬ್ಲಾಗ್ ಬರವಣಿಗೆಗೆ ಇಪ್ಪತ್ತು ಆಂತರಿಕ ಅಂಕ ಇಟ್ಟಾಗ ಖುಷಿಪಟ್ಟ ಪ್ರಾಣಿ ಇಡೀ ವಿಭಾಗದಲ್ಲಿ ಇವಳೊಬ್ಬಳೇ.

“ಪ್ರಬಂಧ ಬರಿಯೋವಾಗ ನೀವು ಇಸ್ತ್ರಿ ಅಂಗಿ ಹಾಕ್ಕೊಂಡು ವೇದಿಕಿ ಮ್ಯಾಲ ನಿಂತಿರ್ತೀರಿ. ಬ್ಲಾಗ್ ಅಂದ್ರ ಮನಿ ಮುಂದಿನ ಕಟ್ಟಿ ಮ್ಯಾಲ ಕುಂತು ಮಾತಾಡಿದಂಗ” ಎಂದು ಹೇಳಿದ್ದಳು. “ನೀವು ಕಂಡಿದ್ದು ಬರೀರಿ. ಬ್ಯಾರೇದವ್ರು ಹೇಳಿದ್ದು ಬರದ್ರ ಅದು ಎಲ್ಲಿಂದ ಬಂತು ಅಂತ ಲಿಂಕ್ ಕೊಡ್ರಿ. ಓದಿದವ್ರು ಕೆಳಗ ಜಗಳ ತಗದ್ರ ಉತ್ತರಾ ಕೊಡ್ರಿ. ಪೀಠಿಕಿ ಬ್ಯಾಡ, ಉಪಸಂಹಾರ ಬ್ಯಾಡ.”

ಇದನ್ನು ಅವರು ಹೇಗೆ ಕೇಳಿಸಿಕೊಂಡರು? ‘ಬ್ಲಾಗಿನ ಲಕ್ಷಣಗಳು’ ಎಂದು ತಲೆಬರಹ ಕೊಟ್ಟು, ಒಂದು ಎರಡು ಮೂರು ಎಂದು ನಂಬರು ಹಾಕಿ, ಬರೆದುಕೊಂಡು ಬಾಯಿಪಾಠ ಮಾಡಿದರು. ಮುಂದಿನ ಬೆಂಚಿನ ನಗ್ಮಾ ಕೈ ಎತ್ತಿ, “ಮೇಡಂ, ಕಟ್ಟಿ ಮ್ಯಾಲ ಕುಂತಂಗ ಅನ್ನೋದು ಎಷ್ಟು ಮಾರ್ಕ್ಸಿಗೆ ಬರ್ತದ್ರಿ?” ಎಂದು ಕೇಳಿದಳು.

ಅವರನ್ನು ಬೈದು ಏನು ಬಂತು. ಒಂದನೇ ಕ್ಲಾಸಿನಿಂದ ಅವರಿಗೆ ಕಲಿಸಿದ್ದೇ ಅದು. ಕನ್ನಡ ವಿಭಾಗದ ಮುಖ್ಯಸ್ಥರಾದ ಕೊಟ್ರೇಶ ಸರ್ ಪರಿಸರ ಮಾಲಿನ್ಯದ ಮೇಲಿನ ಒಂದೇ ಪ್ರಬಂಧವನ್ನು ಹತ್ತೊಂಬತ್ತು ವರ್ಷದಿಂದ ಹೇಳಿ ಬರೆಸುತ್ತಿದ್ದಾರೆ. ಹೇಳುವಾಗ ಅವರು ಕಣ್ಣು ಮುಚ್ಚಿರುತ್ತಾರೆ. ಯಾರ ಅಕ್ಷರ ಗುಂಡಗಿದೆಯೋ ಅವರ ನೋಟ್ಸು ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ಓಡಾಡುತ್ತದೆ, ಎಲ್ಲರೂ ಇಳಿಸಿಕೊಳ್ಳುತ್ತಾರೆ. ಅದನ್ನು ಇಲ್ಲಿ ಯಾರೂ ಕಳವು ಅನ್ನುವುದಿಲ್ಲ, ಓದು ಅನ್ನುತ್ತಾರೆ. ಇಬ್ಬರ ಪ್ರಬಂಧ ಬೇರೆ ಬೇರೆ ಇದ್ದರೆ ಒಬ್ಬರದು ತಪ್ಪಿರಬೇಕು ಎಂದು ಗಾಬರಿ ಬೀಳುವ ಊರು ಇದು.

ಅವತ್ತು ಹಾಳೆ ತಿರುವಿ ತಿರುವಿ ಅನುರಾಧಾಳ ತಲೆ ಚಿಟ್ಟು ಹಿಡಿಯಿತು. ಮೊಬೈಲಿನ ಲಾಭ-ನಷ್ಟ ಹದಿನಾರು. ಪರಿಸರ ಮಾಲಿನ್ಯ ಇಪ್ಪತ್ನಾಲ್ಕು. ಕೊನೆಗೆ ಕೈಗೆ ಬಂದದ್ದು ಮಸರಕಲ್ಲಿನ ಸುಜಾತಾಳ ಹಾಳೆ. ಇದರಲ್ಲೂ ಮಾರ್ಜಿನ್ ಇತ್ತು, ಕೆಂಪು ಪೀಠಿಕೆ ಇತ್ತು. ಅದರ ಕೆಳಗೆ ಮಾತ್ರ ಹೀಗಿತ್ತು:

“ಮೆಣಸಿನಕಾಯಿ ಬಿಡಿಸೂ ದಿನದಾಗ ನಮ್ಮವ್ವ ನನ್ನ ತಲಿ ಬಾಚಂಗಿಲ್ಲ. ಎಷ್ಟು ತೊಳದ್ರೂ ಕೈಯಾಗಿನ ಖಾರ ಹೋಗಂಗಿಲ್ಲ, ನನ್ನ ಕಣ್ಣಿಗೆ ಹತ್ತೀತು ಅಂತ ಅಂಜತಾಳ. ರೇಷನ್ ಅಂಗಡ್ಯಾಗ ಮಷಿನ್ನು ಆಕಿ ಹೆಬ್ಬಟ್ಟು ತಗೊಳಂಗಿಲ್ಲ, ಗೆರಿ ಸವದು ಹೋಗ್ಯಾವ. ಮತ್ತೊಮ್ಮಿ ಇಡು ಅಂತಾರ. ಅವ್ವ ಸೀರಿಗೆ ಒರಿಸಿ ಒರಿಸಿ ಇಡತಾಳ. ಆಮ್ಯಾಲ ನನ್ನ ಕಡಿ ನೋಡಿ ನಗತಾಳ, ತಾನ ಏನೋ ತಪ್ಪು ಮಾಡಿದವ್ರಂಗ.”

ಅನುರಾಧಾ ಇದನ್ನು ಮೂರು ಸಲ ಓದಿದಳು. ಮೂರನೆಯ ಸಲ ಕಣ್ಣು ಒರೆಸಿಕೊಂಡಳು. ಎಂಟು ವರ್ಷದಲ್ಲಿ ಒಬ್ಬಳಾದರೂ ಬರೆದಳಲ್ಲ ಎಂದು ಎದೆ ತುಂಬಿಬಂತು. ಆ ಖುಷಿಯಲ್ಲೇ ಹಾಳೆಗೆ ಫೋಟೊ ಹೊಡೆದು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದಳು. ಕೆಳಗೆ, “ಬ್ಲಾಗ್ ಅಂದರೆ ಹೀಗಿರಬೇಕು. ಇದು ಮಾದರಿ. ಎಲ್ಲರೂ ಹೊಸದಾಗಿ ಬರೆದು, ಟೈಪ್ ಮಾಡಿ, ಸೋಮವಾರದೊಳಗೆ ಇಂಟರ್ನೆಟ್ಟಿಗೆ ಏರಿಸಿ” ಎಂದು ಬರೆದಳು. ನಲವತ್ತು ಮಂದಿ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದರು. ಸುಜಾತಾ ಏನೂ ಕಳಿಸಲಿಲ್ಲ. ಅದನ್ನು ಅನುರಾಧಾ ಗಮನಿಸಲೂ ಇಲ್ಲ.

ಮಂಗಳವಾರ ಬೆಳಿಗ್ಗೆ ಮಾನ್ವಿ ಬಸ್ಸಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತು. ಅನುರಾಧಾ ಫೋನು ತೆಗೆದು ಮೊದಲು ಶಿವರಾಜನ ಬ್ಲಾಗ್ ಬಿಚ್ಚಿದಳು. ಶಿವರಾಜ ಮಾನ್ವಿಯ ಅಕ್ಕಿ ಗಿರಣಿಯವರ ಮಗ, ಕಾಲೇಜಿಗೆ ಬುಲೆಟ್ ಗಾಡಿಯಲ್ಲಿ ಬರುವವನು. ಅವನು ಬರೆದಿದ್ದ: “ಮೆಣಸಿನಕಾಯಿ ಬಿಡಿಸೂ ದಿನದಾಗ ನಮ್ಮವ್ವ ನನ್ನ ತಲಿ ಬಾಚಂಗಿಲ್ಲ.”

ಶಿವರಾಜನ ತಲೆಯಲ್ಲಿ ಬಾಚುವಷ್ಟು ಕೂದಲೇ ಇಲ್ಲ, ಮಿಲಿಟರಿ ಕಟಿಂಗು.

ಎರಡನೆಯದು ನಗ್ಮಾಳದು. ಅವಳು ‘ಅವ್ವ’ ಇದ್ದಲ್ಲೆಲ್ಲ ‘ಅಮ್ಮಿ’ ಎಂದು ಮಾಡಿದ್ದಳು, ಉಳಿದದ್ದು ಮಕ್ಕಿಕಾಮಕ್ಕಿ. ಬಸ್ಸು ಕಲ್ಮಲ ದಾಟುವಷ್ಟರಲ್ಲಿ ಹನ್ನೊಂದು ಅವ್ವಂದಿರ ಹೆಬ್ಬೆಟ್ಟನ್ನು ಮಷಿನ್ನು ಒಲ್ಲೆ ಎಂದಿತ್ತು. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಇಪ್ಪತ್ತೆಂಟು. ಮೂರನೇ ಕ್ಲಾಸಿನಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಹುಲಿಗೇಶನ ಅವ್ವನೂ ಅದರಲ್ಲಿ ಅವನ ಕಡೆ ನೋಡಿ ನಗುತ್ತಿದ್ದಳು. ಅನುರಾಧಾಗೆ ಫೋನನ್ನು ಎತ್ತಿ ರಸ್ತೆಗೆ ಬಿಸಾಡಬೇಕು ಅನ್ನಿಸಿತು.

ಕ್ಲಾಸಿಗೆ ಹೋದವಳೇ ಶಿವರಾಜನನ್ನು ಎಬ್ಬಿಸಿ ನಿಲ್ಲಿಸಿದಳು.

“ನಿಮ್ಮವ್ವ ಯಾವಾಗ ಮೆಣಸಿನಕಾಯಿ ಬಿಡಿಸಾಕ ಹೋಗಿದ್ರಲೇ?”

“ಹೋಗಿಲ್ರೀ ಮೇಡಂ.”

“ಮತ್ತ ಬರದೀಯಲ್ಲ?”

ಶಿವರಾಜನಿಗೆ ನಿಜವಾಗಿ ಅರ್ಥವಾಗಲಿಲ್ಲ. ಕುಚೋದ್ಯ ಮಾಡುವ ಹುಡುಗನಲ್ಲ ಅವನು. “ನೀವ ಮಾದರಿ ಅಂತ ಹಾಕಿದ್ರೆಲ್ರೀ. ಮಾದರ್ಯಾಗ ಹಂಗ ಇತ್ತು” ಎಂದ.

ಇಡೀ ಕ್ಲಾಸು ಹೌದೆನ್ನುವಂತೆ ತಲೆಯಾಡಿಸಿತು. ಕೊನೆಯ ಬೆಂಚಿನಲ್ಲಿ ಸುಜಾತಾ ಪುಸ್ತಕದ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ಕೂತಿದ್ದಳು.

ಮಧ್ಯಾಹ್ನ ಶಿವರಾಜನ ತಾಯಿ ಮಹಾಂತಮ್ಮನ ಫೋನು ಬಂತು. ಮಾನ್ವಿಯಲ್ಲಿ ಇಬ್ಬರದೂ ಒಂದೇ ಓಣಿ.

“ಅಲ್ಲ ಅನು, ನಾ ಯಾವಾಗ ಕೂಲಿಗೆ ಹೋಗಿದ್ನವ್ವ? ಮುಂಜಾನಿಂದ ಬೀಗರ ಫೋನು. ಗಿರಣಿ ಮುಚ್ಚೀರೇನು ಅಂತ ಕೇಳಾಕತ್ಯಾರ. ನನ್ನ ಹೆಬ್ಬಟ್ಟು ಸವದಾವಂತ. ನಾ ಎಸ್ಸೆಸ್ಸೆಲ್ಸಿ ಪಾಸು, ಸಹಿ ಮಾಡಾಕಿ.”

“ಅಳಿಸಾಕ ಹೇಳ್ತೀನ್ರಿ ಅಕ್ಕಾರೇ.”

“ಯಾರೋ ಕೂಲಿಯವ್ರ ಕತಿ ತಂದು ನನಗ ಹಚ್ಚಿದ್ರ ನಮ್ಮ ಮರ್ಯಾದಿ ಏನಾತು?”

ಆ ‘ಯಾರೋ ಕೂಲಿಯವ್ರ’ ಮಗಳು ಸಹ ಇದೇ ಕ್ಲಾಸಿನಲ್ಲಿ ಕೂತಿದ್ದಾಳೆ, ಅವಳಿಗೂ ಮರ್ಯಾದೆ ಇದೆ ಎಂಬ ಮಾತು ಅನುರಾಧಾಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಬುಧವಾರ ಕೊಟ್ರೇಶ ಸರ್ ಕರೆಸಿದರು. ಅವರ ಮುಂದೆ ಒಂದು ವರದಿ ಇತ್ತು. ನಕಲು ಹಿಡಿಯುವ ಸಾಫ್ಟ್‌ವೇರಿಗೆ ನಲವತ್ತೊಂದೂ ಬ್ಲಾಗ್ ಹಾಕಿದ್ದರು. ಎಲ್ಲರಿಗಿಂತ ಮೊದಲು ಏರಿಸಿದ್ದು ಶಿವರಾಜ, ಆದ್ದರಿಂದ ಅವನದು ಸ್ವಂತದ್ದು. ಉಳಿದ ನಲವತ್ತು ಕಾಪಿ. ಎಲ್ಲರಿಗಿಂತ ಕೊನೆಗೆ ಏರಿಸಿದ್ದು ಸುಜಾತಾ, ಅವಳದು ನೂರಕ್ಕೆ ನೂರು ಕಾಪಿ.

“ಸರ್, ಅದು ಆಕೀದ” ಎಂದಳು ಅನುರಾಧಾ. “ಆಕಿ ಮನ್ಯಾಗ ಬಟನ್ ಫೋನ್ ಅದ. ಶನಿವಾರ ಐತವಾರ ಅವ್ವನ ಜೋಡಿ ಹೊಲಕ್ಕ ಹೋಗಿದ್ಲಂತ. ಸೋಮವಾರ ದೇವದುರ್ಗಕ್ಕ ಬಂದು ಝೆರಾಕ್ಸ್ ಅಂಗಡ್ಯಾಗ ಕುಂತು ಟೈಪ್ ಮಾಡ್ಯಾಳ.”

“ನೀವು ಹೇಳೋದು ಖರೇ ಇರಬೌದ್ರಿ ಮೇಡಂ. ಮಷಿನ್ನು ಹಂಗನ್ನಂಗಿಲ್ಲಲ್ಲ.”

“ಮಷಿನ್ನು ಶಿವರಾಜನ ಅವ್ವ ಕೂಲಿಗೆ ಹೋಗ್ತಾರ ಅಂತದ. ನೀವೂ ನಂಬ್ತೀರೇನ್ರಿ?”

ಸರ್ ಚಹಾದ ಲೋಟ ಕೆಳಗಿಟ್ಟರು. ಅವರು ಕೆಟ್ಟವರಲ್ಲ, ತಾಪತ್ರಯ ಬೇಡದವರು. “ಅದಕ್ಕ ನಾ ಮೊದಲ ಹೇಳಿದ್ದೆ. ಪ್ರಬಂಧ ಇದ್ದಾಗ ಯಾರರ ಫೋನ್ ಮಾಡಿದ್ರೇನು? ಪರಿಸರ ಮಾಲಿನ್ಯ ನಂದು ಅಂತ ಒಬ್ಬರರ ಜಗಳ ತಗದಾರೇನು? ನಕಲು ಅಂದ್ರ ಸೊನ್ನಿ ಹಾಕಬೇಕಾಗ್ತದ. ನಲವತ್ತು ಸೊನ್ನಿ ಹಾಕಿ ನಾ ಎಲ್ಲಿ ಹೋಗ್ಲಿ? ಶುಕ್ರವಾರ ಎಲ್ಲಾರೂ ಹಾಲ್‌ನಾಗ ಕುಂತು ಪ್ರಬಂಧ ಬರೀಲಿ, ಅದಕ್ಕ ಮಾರ್ಕ್ಸ್ ಕೊಡೂನು.”

ಸುಜಾತಾಗೆ ಈ ಇಪ್ಪತ್ತು ಅಂಕ ಬೇಕೇ ಬೇಕು. ಒಂದು ವಿಷಯ ಉಳಿದರೂ ಹಾಸ್ಟೆಲಿನ ಸೀಟು ಹೋಗುತ್ತದೆ. ಆದರೆ ಅನುರಾಧಾಳ ಹಟ ಅಂಕದ್ದಲ್ಲ. ಇದು ಸುಜಾತಾ ಬರೆದದ್ದು, ಇದು ಸುಜಾತಾಳ ಅವ್ವ ಎಂದು ಕಾಲೇಜು ಒಂದು ಕಡೆಯಾದರೂ ಬರೆದು ಒಪ್ಪಬೇಕು. ಗುರುವಾರ ಎರಡು ಸಲ, ಶುಕ್ರವಾರ ಬೆಳಿಗ್ಗೆ ಒಂದು ಸಲ ಹೋಗಿ ಸರ್ ತಲೆ ತಿಂದಳು. ವಾಟ್ಸಾಪಿಗೆ ತಾನು ಫೋಟೊ ಹಾಕಿದ ತಾರೀಖು ತೋರಿಸಿದಳು. ಕೆಂಪು ಪೀಠಿಕೆಯ ಮೂಲ ಹಾಳೆ ತಂದು ಮೇಜಿನ ಮೇಲೆ ಬಡಿದಳು. ಮುಂದಿನ ವರ್ಷ ತನ್ನನ್ನು ಕರೆಯುವುದು ಬಿಡುವುದು ಇವರ ಕೈಯಲ್ಲೇ ಇದೆ ಎಂಬುದು ಗೊತ್ತಿದ್ದೂ ಬಡಿದಳು.

“ಆತು ಬಿಡ್ರಿ” ಎಂದರು ಸರ್ ಕೊನೆಗೆ. “ಆಕೀಗೊಬ್ಬಾಕಿಗೆ ಬ್ಲಾಗಿಗೇ ಇಪ್ಪತ್ತಕ್ಕ ಇಪ್ಪತ್ತು ಹಾಕೂನು. ಸ್ವಂತದ್ದು ಅಂತ ನಾನ ಬರದು ಸಹಿ ಮಾಡ್ತೀನಿ. ಒಂದು ಪ್ರಿಂಟ್ ತಂದು ಸ್ಪೈರಲ್ ಬೈಂಡಿಂಗ್ ಮಾಡಿಸಿ ಫೈಲಿಗೆ ಹಚ್ಚಿಬಿಡ್ರಿ.”

ಬ್ಲಾಗಿಗೆ ಸ್ಪೈರಲ್ ಬೈಂಡಿಂಗ್. ಬೇರೆ ದಿನವಾಗಿದ್ದರೆ ಅನುರಾಧಾ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅವತ್ತು ಓಡುವ ಹೆಜ್ಜೆಯಲ್ಲಿ ಪರೀಕ್ಷೆ ಹಾಲಿಗೆ ಬಂದಳು. ಗಂಟೆ ಹೊಡೆದು ಎಲ್ಲರೂ ಹೊರಗೆ ಬರುತ್ತಿದ್ದರು. ಸುಜಾತಾ ಮೇಲ್ವಿಚಾರಕರ ಮೇಜಿಗೆ ಹಾಳೆ ಕೊಟ್ಟು ಬಾಗಿಲ ಹತ್ತಿರ ಬಂದಿದ್ದಳು.

“ನೀ ಯಾಕ ಬರದಿ? ನಿನಗ ಬೇಕಾಗಿಲ್ಲ. ಸರ್ ಒಪ್ಪ್ಯಾರ. ನಿನ್ನ ಬ್ಲಾಗ್ ನಿಂದ ಅಂತ ಬರದು ಕೊಡ್ತಾರ, ಪೂರಾ ಇಪ್ಪತ್ತು.”

“ಬ್ಲಾಗ್ ತಗದುಹಾಕೀನ್ರಿ ಮೇಡಂ.”

“ಮತ್ತ ಹಾಕು. ಹಾಳಿ ನನ್ನ ಕಡೆ ಅದ.”

“ಬ್ಯಾಡ್ರಿ.”

ಅನುರಾಧಾಗೆ ರೇಗಿತು. ಮೂರು ದಿನ ಯಾರಿಗಾಗಿ ಹೊಡೆದಾಡಿದ್ದು? ಮೇಜಿನ ಮೇಲಿಂದ ಸುಜಾತಾಳ ಹಾಳೆ ಎತ್ತಿಕೊಂಡು ಅಲ್ಲೇ ನಿಂತು ಓದಿದಳು. ಕೊಟ್ರೇಶ ಸರ್ ಕೊಟ್ಟ ವಿಷಯ, ಕೃಷಿ ಕಾರ್ಮಿಕ ಮಹಿಳೆಯರ ಸ್ಥಿತಿಗತಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲ ಅಚ್ಚುಕಟ್ಟು. ಮಹಿಳೆಯರು ದೇಶದ ಬೆನ್ನೆಲುಬು, ಸರ್ಕಾರ ಹಲವು ಯೋಜನೆಗಳನ್ನು ರೂಪಿಸಿದೆ, ಅವು ಪರಿಣಾಮಕಾರಿಯಾಗಿ ಜಾರಿಯಾಗಬೇಕಿದೆ. ಮೂರು ಪುಟದಲ್ಲಿ ಮೆಣಸಿನಕಾಯಿ ಎಂಬ ಮಾತು ಒಂದು ಕಡೆಯೂ ಇರಲಿಲ್ಲ.

“ಇದನ್ನ ಯಾರು ಬೇಕಾದ್ರೂ ಬರೀತಾರಲ್ಲ ಸುಜಾತಾ.”

“ಹೌದ್ರಿ. ಇದನ್ನ ಎಷ್ಟು ಮಂದಿ ಕಾಪಿ ಹೊಡದ್ರೂ ನಮ್ಮವ್ವಗ ಏನೂ ಆಗಂಗಿಲ್ಲ.”

ಸಿಟ್ಟಿನಿಂದ ಹೇಳಿದ್ದಲ್ಲ. ಲೆಕ್ಕದಲ್ಲಿ ಉತ್ತರ ಬಂದ ಮೇಲೆ ಹೇಳುವ ಹಾಗೆ ಹೇಳಿದಳು. ಚೀಲ ಹೆಗಲಿಗೆ ಹಾಕಿಕೊಂಡು, “ಗುಂಪಿನಾಗ ಎಲ್ಲಾರೂ ಓದಿಬಿಟ್ಟಿದ್ರಂತ ನಾನೂ ಏರಿಸಿದೆ. ಆ ಹಾಳಿ ನಿಮಗೊಬ್ರಿಗೇ ಕೊಟ್ಟಿದ್ದೆ ಮೇಡಂ” ಎಂದಳು.

ಫೋಟೊ ಹೊಡೆಯುವಾಗ, ಗುಂಪಿಗೆ ಹಾಕುವಾಗ, ಹಾಕಲಾ ಎಂದು ಅನುರಾಧಾ ಸುಜಾತಾಳನ್ನು ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದೇ ಇರಲಿಲ್ಲ. ನಲವತ್ತು ಮಂದಿಗಿಂತ ಮೊದಲು ಇಳಿಸಿಕೊಂಡವಳು ತಾನೇ.

“ತಪ್ಪಾತು ನಂದು” ಎಂದಳು.

ಸುಜಾತಾ ಊರಿನ ಬಸ್ಸಿಗೆ ಹೊತ್ತಾಯಿತೆಂದು ಕೈ ಮುಗಿದು ಹೋದಳು.

ಅನುರಾಧಾ ಖಾಲಿ ಹಾಲಿನಲ್ಲಿ ಕೂತು ಆ ಪ್ರಬಂಧವನ್ನು ಮತ್ತೆ ಓದಿದಳು. ಒಂದು ಅಂಕ ಕಡಿಮೆ ಮಾಡುವುದಕ್ಕಾದರೂ ಒಂದು ತಪ್ಪು ಸಿಗಲಿ ಎಂದು ಸಾಲು ಸಾಲು ಹುಡುಕಿದಳು. ಸಿಗಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತು ಹಾಕಿ ಸಹಿ ಮಾಡಿದಳು.