ಜೋಳದ ತೆನೆಯ ಬುಗುಡಿ

ಬನಹಟ್ಟಿಯಲ್ಲಿ ಮಾತಾಡುವುದೆಂದರೆ ಕೂಗುವುದೇ. ಓಣಿಯ ತುಂಬ ಪವರ್‌ಲೂಮು ಖಟಖಟ ಬಡಿಯುವಾಗ ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳಿಸಬೇಕು? ಆ ಮಗ್ಗಗಳ ನಡುವೆಯೇ ಆಯುಷ್ಯ ಸವೆಸಿದ ಗುರುಬಾಯಿಯ ಕಿವಿ ಮಂದವಾದದ್ದು ಅದಕ್ಕೇ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ.

ಮೊದಲು ಗೊತ್ತಾದದ್ದು ಸೊಸೆ ಪೂರ್ಣಿಮಾಗೆ. ಹಿತ್ತಲ ಕೋಣೆಯಲ್ಲಿ ಅವಳದು ಮಣ್ಣಿನ ಕೆಲಸ. ಹಸಿ ಮಣ್ಣಿಗೆ ಔಡಲ ಎಲೆ ಒತ್ತಿ ತಟ್ಟೆ ಮಾಡುತ್ತಾಳೆ. ಜಾಲಿ ಹೂವಿನ ಝುಮಕಿ, ಹುಣಸೆ ಚಿಗುರಿನ ಸರ ಮಾಡಿ ಭಟ್ಟಿಯಲ್ಲಿ ಸುಡುತ್ತಾಳೆ. ಅತ್ತೆ ಬಾಗಿಲಲ್ಲಿ ಕೂತು ಒಂದೊಂದಕ್ಕೂ ಕೊಂಕು ತೆಗೆಯುತ್ತಿದ್ದಳು. “ಇದು ಜಾಲಿ ಹೂವಾ? ನಂಗ ಬೂಂದಿ ಉಂಡಿ ಕಂಡಂಗ ಕಾಣ್ತೈತಿ!”

ಮಂದಿ ಕೇಳಿದ್ದೊಂದು, ಅವಳು ಹೇಳಿದ್ದೊಂದು ಆಗತೊಡಗಿ, ನಾಲ್ಕು ಮಂದಿ ನಕ್ಕ ಮೇಲೆ ಗುರುಬಾಯಿ ಮಾತನ್ನೇ ಬಿಟ್ಟಳು. ಬಾಗಿಲಿಗೂ ಬರಲಿಲ್ಲ. ಆ ಕೊಂಕಿಲ್ಲದೆ ಪೂರ್ಣಿಮಾಳ ಕೈಗೆ ಮಣ್ಣೇ ಬೇಡವಾಯಿತು. ಅತ್ತೆಯನ್ನು ಜಮಖಂಡಿಗೆ ಕರೆದೊಯ್ದು ಕಿವಿ ಮಷೀನು ಕೊಡಿಸಿದಳು. ಅದು ಮರುದಿನವೇ ಡಬ್ಬಿ ಸೇರಿತು.

“ಸೆರಗ ಹೊತ್ರ ಕಿವ್ಯಾಗ ಖರಖರ ಅಂತೈತಿ. ಹಿಂದ ಸರಿಸಿದ್ರ ಓಣಿ ಮಂದಿಗೆಲ್ಲ ಕಾಣ್ತೈತಿ. ಗುರುಬಾಯಿ ಕಿವುಡಿ ಆದ್ಲು ಅಂತ ಡಂಗುರ ಹೊಡೀಬೇಕೇನ?”

ಒಂದು ದಿನ ತಲೆ ಬಾಚುವಾಗ ಅತ್ತೆಯ ಕಿವಿಯ ಮೇಲ್ತುದಿಯ ತೂತು ಪೂರ್ಣಿಮಾಳ ಬೆರಳಿಗೆ ತಾಗಿತು. ಅಲ್ಲಿದ್ದ ಬುಗುಡಿಯನ್ನು ಗುರುಬಾಯಿ ಮಗಳ ಮದುವೆಯಲ್ಲಿ ಮಗಳಿಗೇ ಇಟ್ಟು ಕಳಿಸಿದ್ದಳು. ಬುಗುಡಿ ಇಟ್ಟವರು ಸೆರಗನ್ನು ಕಿವಿಯ ಹಿಂದೆಯೇ ಸಿಗಿಸುತ್ತಾರೆ. ಬುಗುಡಿ ಕಂಡ ಕಣ್ಣು ಮಷೀನು ನೋಡುವುದುಂಟೆ?

ಪೂರ್ಣಿಮಾ ಅಂದೇ ಕೂತಳು. ಬೇವಿನ ಎಲೆಯ ಬುಗುಡಿ ಭಾರವಾಗಿ ಕಿವಿಯೇ ಬಾಗಿತು. “ಕಿವಿ ಹರದು ಕೈಗಿಡ್ತೀಯೇನವಾ?” ಎಂದು ಅತ್ತೆ ಗದರಿದಳು. ಇನ್ನೊಂದು ಭಟ್ಟಿಯಲ್ಲೇ ಬಿರಿಯಿತು. ಕೊನೆಗೆ ಸಣ್ಣ ಸಣ್ಣ ಮಣ್ಣಿನ ಕಾಳು ಮಾಡಿ, ಹಾಲುಬಣ್ಣದ ಮೆರುಗು ಕೊಟ್ಟು ಸುಟ್ಟು, ಬೆಳ್ಳಿ ತಂತಿಗೆ ಪೋಣಿಸಿದಳು. ಪುಟ್ಟ ಜೋಳದ ತೆನೆಯಾಯಿತು.

“ಇದು ಬೇಕಂದ್ರ ಮಷೀನೂ ಹಾಕ್ಕೋಬೇಕ್ರಿ ಅತ್ತಿ,” ಎಂದು ಕಿವಿಯ ಹತ್ತಿರ ಕೂಗಿ, ಎರಡನ್ನೂ ತಾನೇ ಇಟ್ಟಳು.

ಗುರುಬಾಯಿ ಕನ್ನಡಿಯೆದುರು ಆ ಕಡೆ ಈ ಕಡೆ ಹೊರಳಿದಳು. “ತೆನಿ ಛಲೋ ಬಂದೈತಿ. ಆದ್ರ ಕಾಳ ಜರಾ ದಪ್ಪ ಆಗ್ಯಾವ.”

ಕೊಂಕು ಮನೆಗೆ ಮರಳಿತ್ತು. ಪೂರ್ಣಿಮಾಗೆ ಸಂತೋಷಕ್ಕೆ ಕಣ್ಣು ತುಂಬಿತು.

ಆ ಹೊತ್ತಿಗೆ ಕರೆಂಟು ಹೋಗಿ ಓಣಿಯ ಮಗ್ಗಗಳು ನಿಂತಿದ್ದವು. ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ ಮಾವ ರಾಮಲಿಂಗಪ್ಪ ತಲೆಯೆತ್ತಿ, ಕನ್ನಡಿ ಬಿಟ್ಟು ಹೊರಗೆ ಬಂದ ಹೆಂಡತಿಯನ್ನು ನೋಡಿದ. ಹೇಗೂ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ತನ್ನಷ್ಟಕ್ಕೆ ತಾನೇ ಅಂದ: “ಇನ್ನೂ ಎಷ್ಟ ಚಂದ ಅದಾಳ ನನ್ನ ಹೆಂಡ್ತಿ.”

ಗುರುಬಾಯಿ ನಿಂತಳು. “ಏನಂದ್ರಿ? ಇನ್ನೊಮ್ಮೆ ಅನ್ರಿ.”

ಸೊಸೆಯ ಎದುರು ಸಿಕ್ಕಿಬಿದ್ದ ಮುದುಕ ಪೇಪರು ಮಡಚಿದ, ಮತ್ತೆ ಬಿಚ್ಚಿದ. “ಯಾಕ, ಮಷೀನ ನಡೀವಲ್ದೇನ? ಕೇಳಸ್ಲಿಲ್ಲೇನ?”

“ಕೇಳಸ್ತು,” ಅಂದಳು ಗುರುಬಾಯಿ. “ಅದಕ್ಕ ಇನ್ನೊಮ್ಮೆ ಅನ್ರಿ ಅಂದೆ.”