ಎಂಟನೆಯ ಬೀಸುಕಲ್ಲು

ಯಾರು ಯಾರ ಪಕ್ಕ ಕೂರಬೇಕೆಂದು ನಾನೇ ತೀರ್ಮಾನಿಸುವುದು ನನ್ನ ಹಳೆಯ ಚಟ. ಕಲಬುರ್ಗಿಯ ಶಾಲೆಯೊಂದರಲ್ಲಿ ಹದಿನಾರು ವರ್ಷ ಹುಡುಗಿಯರನ್ನು ಸಾಲಾಗಿ ಕೂರಿಸಿ ಕೂರಿಸಿ ಅಂಟಿಕೊಂಡದ್ದು. ವಿಲಾಯತಿಯಲ್ಲಿ ಲಡಾಯಿ ಶುರುವಾದ ಮರುವರ್ಷ, ನಮ್ಮ ಸಭೆಯವರೆಲ್ಲ ಕಮಲಾಪುರದ ಒಂದು ತೋಪಿನಲ್ಲಿ ಐದು ದಿನ ಕೂಡಿ ಇದ್ದು, ಕೂಡಿ ಉಂಡು, ಕೂಡಿ ಪ್ರಾರ್ಥನೆ ಮಾಡಬೇಕೆಂದು ನಿಶ್ಚಯವಾಯಿತು. ಸಮಾಧಾನಪ್ಪ ಪಾದ್ರಿಗಳು ನನ್ನನ್ನು ಕರೆದು, "ಕಸ್ತೂರಿಬಾಯಾರ, ಹಿಟ್ಟಿನ ಜಿಮ್ಮೇದಾರಿ ನಿಮ್ದರಿ" ಎಂದರು. ಇನ್ನೊಬ್ಬರ ಕೈಗೆ ಹೋಗುವ ಮೊದಲೇ ನಾನು ಹೂಂ ಅಂದುಬಿಟ್ಟೆ.

ಹಿಟ್ಟು ಎಂದರೆ ಸಣ್ಣ ಕೆಲಸವಲ್ಲ. ನಮ್ಮ ಹೆಂಗಸರು ದಿನಾ ಬೀಸಲು ಕೂರುವ ಮೊದಲು ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಗೆ ಹಾಕಿಡುತ್ತಾರೆ. ಅದು ಕರ್ತನ ಪಾಲು. ಹನ್ನೊಂದು ಹಳ್ಳಿಗಳಿಂದ ಆ ಗಡಿಗೆಗಳೆಲ್ಲ ತೋಪಿಗೆ ಬಂದು ಒಂದೇ ರಾಶಿಯಾದವು. ಬಿಳಿ ಜೋಳ, ಕೆಂಪು ಜೋಳ, ನುಸಿ ಹಿಡಿದ ಜೋಳ, ಎಲ್ಲ ಕಲೆತುಹೋದವು. ನುಸಿಯದ್ದು ಯಾರ ಮನೆಯದೆಂದು ನನಗೆ ಗೊತ್ತಿದೆ, ಆದರೆ ಹೇಳುವುದಿಲ್ಲ. ನೂರೈವತ್ತು ಜನಕ್ಕೆ ಎರಡು ಹೊತ್ತು ರೊಟ್ಟಿಯಾಗಬೇಕು. ಮೋಮಿನಪುರದ ಮಹಮ್ಮದನ ಗಾಡಿಯಲ್ಲಿ ಎಂಟು ಬೀಸುಕಲ್ಲು ಹೇರಿಸಿಕೊಂಡು ಒಂದಿಡೀ ದಿನ ಪ್ರಯಾಣ ಮಾಡಿದೆ. "ಬಾಯಿ, ದೇವರ ಕೂಟಕ್ಕ ಹೊಂಟೀರೋ, ಖಿಲ್ಲಾ ಕಟ್ಟಾಕ ಹೊಂಟೀರೋ?" ಎಂದು ದಾರಿಯುದ್ದಕ್ಕೂ ಮಹಮ್ಮದ ಕೇಳುತ್ತಲೇ ಇದ್ದ.

ತೋಪು ಅಲ್ಲಿನ ದೊಡ್ಡ ರೈತ ಜಗದೇವಪ್ಪನವರದು. ಇರಲು ಜಾಗ ಕೊಟ್ಟಿದ್ದರು, ಆದರೆ ಬಾವಿಯ ಮೆಟ್ಟಿಲು ನಾವು ಇಳಿಯುವಂತಿರಲಿಲ್ಲ. ಅವರ ಆಳು ನೀರು ಸೇದಿ ನಮ್ಮ ಕೊಡಗಳಿಗೆ ಮೇಲಿನಿಂದ ಸುರಿಯುತ್ತಿದ್ದ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಎರಡನೆಯ ದಿನ ಅವರಾಗಿಯೇ ನಾಲ್ಕು ಗೊನೆ ಕೆಂಪು ಬಾಳೆಹಣ್ಣು ಕಳಿಸಿದರು. ಅರ್ಧ ಉರಿ ಆರಿತು.

ಎಂಟು ಕಲ್ಲಿಗೆ ಹದಿನಾರು ಹೆಂಗಸರು ಬೇಕು. ಜೋಡಿ ಸರಿಯಿಲ್ಲದಿದ್ದರೆ ಒಬ್ಬಳು ಎಳೆಯುತ್ತಾಳೆ, ಇನ್ನೊಬ್ಬಳು ಗೂಟಕ್ಕೆ ಜೋತುಬೀಳುತ್ತಾಳೆ. ಹಾಗಾಗಿ ವಿಚಾರಿಸಿಯೇ ಜೋಡಿ ಮಾಡಿದೆ. ಕಮಲಾಪುರದ ಕೇರಿಯ ಭೀಮಬಾಯಿ ಮತ್ತು ಗುಂಡಮ್ಮ ಅಣ್ಣತಮ್ಮಂದಿರ ಹೆಂಡಿರು, ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಒಂದೇ ಕಲ್ಲಿಗೆ ಕೂತವರು, ಅವರ ಹಿಟ್ಟೆಂದರೆ ಅರಿವೆಯಲ್ಲಿ ಸೋಸಿದ ಹಾಗೆ ಎಂದು ಯಾರೋ ಹೇಳಿದರು. ಇಬ್ಬರನ್ನೂ ಎಂಟನೆಯ ಕಲ್ಲಿಗೆ ಕೂರಿಸಿ ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಹಿಟ್ಟನ್ನು ವಿಚಾರಿಸಿದ್ದೆ, ಮನಸ್ಸನ್ನು ವಿಚಾರಿಸಿರಲಿಲ್ಲ.

ಮೊದಲ ದಿನ ರೊಟ್ಟಿ ತಟ್ಟಲು ಹೋದರೆ ಅಂಚು ಒಡೆದೊಡೆದು ಬಿತ್ತು. ಹಿಟ್ಟಿನ ತುಂಬ ನುಚ್ಚು. ಪಾದ್ರಿಗಳು ಬಹಳ ಹೊತ್ತು ಅಗಿದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು. ಮರುದಿನ ನಾನು ಒಂದೊಂದೇ ಕಲ್ಲಿನ ಹಿಟ್ಟು ಬೆರಳಲ್ಲಿ ತಿಕ್ಕಿ ನೋಡುತ್ತ ಹೋದೆ. ನುಚ್ಚು ಬರುತ್ತಿದ್ದದ್ದು ಎಂಟನೆಯದರಿಂದ. ಇಬ್ಬರೂ ಒಂದೇ ಗೂಟ ಹಿಡಿದಿದ್ದರು. ಭೀಮಬಾಯಿಯ ಕಣ್ಣು ಹುಣಸೆ ಮರದ ಮೇಲೆ, ಗುಂಡಮ್ಮನ ಕಣ್ಣು ತನ್ನ ಮಡಿಲ ಮೇಲೆ. ಒಬ್ಬರಿಗೊಬ್ಬರು ಒಂದು ಮಾತಿಲ್ಲ.

"ಅವ್ರಿಬ್ಬರಿಗಿ ಐದ ವರ್ಷದಿಂದ ಮಾತಿಲ್ರಿ" ಎಂದರು ಪಾದ್ರಿಗಳು. "ನನಗ ಒಂದ ಮಾತ ಕೇಳಬೇಕಿತ್ತು, ಬಾಯಾರ."

ಆಮೇಲೆ ವಿಷಯ ಹೇಳಿದರು. ಐದು ವರ್ಷದ ಹಿಂದೆ ಕಮಲಾಪುರದಲ್ಲಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡವರು ಭೀಮಬಾಯಿ ಮತ್ತು ಅವಳ ಗಂಡ ದೌಲಪ್ಪ. ಕೇರಿಯವರು ಅವರನ್ನು ಹೊರಗಿಟ್ಟರು. ಆ ವರ್ಷವೇ ಅತ್ತೆ ಗುಂಡಮ್ಮನ ಮನೆಯಲ್ಲಿ ಸಾಯಲು ಮಲಗಿದಳು. ಬಾಯಿಗೆ ನೀರು ಬಿಡಲು ಭೀಮಬಾಯಿ ಗಿಂಡಿ ತುಂಬಿಕೊಂಡು ಹೋದರೆ ಬಾಗಿಲು ತೆಗೆಯಲಿಲ್ಲ. ಅಗಳಿ ಹಾಕಿದವಳು ಗುಂಡಮ್ಮ. ತೆಗೆದದ್ದು ಹೆಣ ಹೊರಗೆ ತರುವಾಗಲೇ.

ಮುಂದೆ ಗುಂಡಮ್ಮನ ಗಂಡ ತೀರಿಕೊಂಡ. ಎರಡು ವರ್ಷದ ಹಿಂದೆ ಅವಳೂ ತಾನಾಗಿಯೇ ಸಭೆಗೆ ಬರತೊಡಗಿದಳು. ಕಲಿಯಬೇಕಾದ್ದನ್ನೆಲ್ಲ ಕಲಿತಿದ್ದಾಳೆ. ಆದರೆ ದೀಕ್ಷಾಸ್ನಾನಕ್ಕೆ ಅದೇ ಊರಿನ ಸಭೆಯವರೊಬ್ಬರು ಎದ್ದು ನಿಂತು ಸಾಕ್ಷಿ ಹೇಳಬೇಕು. ಕಮಲಾಪುರದಲ್ಲಿ ಹಾಗೆ ಹೇಳಬಲ್ಲವರು ಭೀಮಬಾಯಿ ಮತ್ತು ದೌಲಪ್ಪ ಮಾತ್ರ. ದೌಲಪ್ಪ "ಅಕಿ ಹ್ಯಾಂಗ ಹೇಳ್ತಾಳ ಹಂಗ್ರಿ" ಎಂದು ಕೈತೊಳೆದುಕೊಂಡಿದ್ದ. ಭೀಮಬಾಯಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಪಾದ್ರಿಗಳು ರೊಟ್ಟಿ ಮುರಿದು ಹಂಚುವ ಕರ್ತನ ಭೋಜನದ ಹೊತ್ತಿಗೆ ದೀಕ್ಷೆಯಾಗದವರು ಎದ್ದು ಹೊರಗೆ ಹೋಗುವುದು ನಮ್ಮ ಪದ್ಧತಿ. ಎರಡು ವರ್ಷದಿಂದ ಗುಂಡಮ್ಮ ಪ್ರತಿ ಸಲವೂ ಒಬ್ಬಳೇ ಎದ್ದು ಹೋಗಿ ಹೊರಗೆ ಕೂರುತ್ತಿದ್ದಳು. ದೀಕ್ಷೆ ಕೊಡುವುದು ವರ್ಷಕ್ಕೊಮ್ಮೆ ಮಾತ್ರ. ಈ ಭಾನುವಾರ ಸಾಕ್ಷಿ ಸಿಗದಿದ್ದರೆ ಇನ್ನೂ ಒಂದು ವರ್ಷ ಹೊರಗೆ.

ನಾನು ಓಡಿಹೋಗಿ ಜೋಡಿ ಬದಲಿಸಲು ನೋಡಿದೆ.

"ಯಾಕ್ರಿ? ನನಗ ಬೀಸಾಕ ಬರಾಂಗಿಲ್ಲಂತ ಯಾರಂದಾರ?" ಎಂದಳು ಭೀಮಬಾಯಿ. "ನಾ ಏಳಂಗಿಲ್ಲ. ಬೇಕಂದ್ರ ಅಕಿ ಏಳ್ಲಿ."

"ನಾನೂ ಏಳಂಗಿಲ್ರಿ" ಎಂದಳು ಗುಂಡಮ್ಮ, ಮಡಿಲ ಕಡೆ ನೋಡುತ್ತಲೇ.

ಆ ದಿನವೂ ಮರುದಿನವೂ ನುಚ್ಚನ್ನೇ ತಿಂದೆವು. ಇದರಲ್ಲಿ ನನ್ನ ಇನ್ನೊಂದು ತಪ್ಪೂ ಇತ್ತು. ಕೂಟದಲ್ಲಿ ಸಭೆಯ ಕೀರ್ತನೆ ಬಿಟ್ಟು ಬೇರೆ ಏನನ್ನೂ ಹಾಡಕೂಡದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಆ ಕೀರ್ತನೆಗಳ ಧಾಟಿ ವಿಲಾಯತಿಯದು. ಸಾಲಿನ ಕೊನೆಗೆ ಎಳೆದು ನಿಲ್ಲುತ್ತದೆ, ಅದರ ಜೊತೆ ಕಲ್ಲೂ ನಿಲ್ಲುತ್ತದೆ. ಉಳಿದ ಏಳು ಕಲ್ಲಿನವರು ಹೇಗೋ ಹೊಂದಿಸಿಕೊಂಡರು. ಮಾತೇ ಆಡದವರು ಹೇಗೆ ಹೊಂದಿಸಿಕೊಂಡಾರು? ಶನಿವಾರ ಬೆಳಕು ಹರಿಯುವಾಗ ಆ ಒರಟು ಹಿಟ್ಟು ನೋಡಿ ನನ್ನ ತಾಳ್ಮೆ ತಪ್ಪಿತು.

"ಏನರ ಹಾಡ್ರವ್ವಾ! ನಿಮ್ಮವ್ವ ಕಲಿಸಿದ್ದ ಹಾಡ್ರಿ, ನಿಮ್ಮಜ್ಜಿ ಕಲಿಸಿದ್ದ ಹಾಡ್ರಿ. ಹಿಟ್ಟ ಸಣ್ಣ ಆದ್ರ ಸಾಕ!"

ಆಮೇಲೆ ಭೀಮಬಾಯಿ ದನಿ ತೆಗೆದಳು. ಬೀಸುವ ಹಾಡಿನಲ್ಲಿ ಮಾತನ್ನು ಕಲ್ಲಿಗೆ ಹೇಳುವುದು ವಾಡಿಕೆ. ಎದುರಿಗೆ ಕೂತವಳಿಗೆ ಹೇಳಿದಂತೆ ಆಗುವುದಿಲ್ಲ.

ತುಂಬೀದ ಗಿಂಡಿ ನೀರ ನಂಬಿ ನಾ ತಂದಿದ್ದೆ
ಕಂಬಕ ಒರಗಿ ನಿಂತಿದ್ದೆ, ಕಲ್ಲವ್ವ,
ಒಂಬತ್ತು ತಾಸು ಹೊರಗ ನಾ

ಒಬ್ಬಳು ಒಂದು ನುಡಿ ಹಾಡಿದರೆ ಎದುರಿನವಳು ಮುಂದಿನ ನುಡಿ ಎತ್ತಬೇಕು. ಎತ್ತದಿದ್ದರೆ ಅವಳು ಬೀಸಲು ಬಾರದವಳು. ಗುಂಡಮ್ಮನೂ ಕಲ್ಲಿಗೇ ಹೇಳಿದಳು:

ಬಾಗಿಲ ಹಾಕಿದ್ದ ಭಾಗ್ಯಗೇಡಿ ನಾನವ್ವ
ಕೂಗು ಕೇಳಿತ್ತ ನನಗೊಳಗ, ಕಲ್ಲವ್ವ,
ಸಾಗಲಿಲ್ಲವ್ವ ಕಾಲ ನಂದು

ಭೀಮಬಾಯಿಯ ಮುಂದಿನ ನುಡಿ ಇನ್ನೂ ಖಾರವಾಗಿತ್ತು. ಅದರಲ್ಲಿ ಗುಂಡಮ್ಮನ ತವರಿನ ಮಾತೂ ಬಂತು, ನಾನು ಬರೆಯುವುದಿಲ್ಲ. ಗುಂಡಮ್ಮ ಅದಕ್ಕೂ ಉತ್ತರ ಕೊಟ್ಟಳು. ನುಡಿ ಅತ್ತಿಂದಿತ್ತ ಹೋಗಿ ಬರುತ್ತಿತ್ತು, ಕಲ್ಲು ಗರಗರನೆ ತಿರುಗುತ್ತಿತ್ತು. ಉಳಿದ ಏಳು ಕಲ್ಲುಗಳು ಒಂದೊಂದಾಗಿ ನಿಂತವು. ಯಾರಿಗೂ ಬೀಸುವ ಗರಜು ಉಳಿದಿರಲಿಲ್ಲ. ಎಂಟನೆಯ ಕಲ್ಲಿನ ಸುತ್ತ ಬೀಳುತ್ತಿದ್ದ ಹಿಟ್ಟು ಮಾತ್ರ ಬೆಣ್ಣೆಯಂತಿತ್ತು. ಅಂಥ ಹೊತ್ತಿನಲ್ಲೂ ಅದು ನನ್ನ ಕಣ್ಣಿಗೆ ಬಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆಮೇಲೆ ಗುಂಡಮ್ಮ ಒಂದು ನುಡಿ ಎತ್ತಿ ಅರ್ಧಕ್ಕೆ ನಿಲ್ಲಿಸಿದಳು. ಗೂಟ ಬಿಡಲಿಲ್ಲ.

"ಯಕ್ಕಾ, ಇದ ಹಾಡಾಕ ಆಗಂಗಿಲ್ಲ" ಎಂದಳು. ಐದು ವರ್ಷದ ಮೊದಲ ಮಾತು ಅದು. "ಅತ್ತೀ ಕಣ್ಣ ಹೋಗಿದ್ವು, ನಿನಗ ಗೊತ್ತದ. ಕಡೀ ಹೊತ್ತಿಗಿ 'ಭೀಮಿ ಬಂದಳೇನ' ಅಂತ ಕೇಳಿದಳು. ಗಂಡಸರು ಪಡಸಾಲ್ಯಾಗ ಕುಂತಿದ್ರು, ಬಾಗಲಾ ತೆಗದ್ರ ನನ್ನೂ ಹೊರಗ ಹಾಕ್ತಿದ್ರು. ಅಂಜಿದೆ. ಅತ್ತಿಗಿ ಮಾತ್ರ ಹ್ಯಾಂಗ ಹೇಳ್ಲಿ, ನಿನ್ನ ಹೊರಗ ನಿಲ್ಲಿಸೀನಿ ಅಂತ? 'ಬಂದೀನಿ ಅತ್ತಿ' ಅಂದೆ. ನಿನ್ನ ದನಿ ಮಾಡಿ ಅಂದೆ. ಬಾಯಿಗಿ ನೀರ ಬಿಟ್ಟೆ, ಕುಡದಳು. ನನ್ನ ತಲಿ ಮ್ಯಾಲ ಕೈ ಇಟ್ಟು, 'ಭೀಮಿ, ನಿನ್ನ ಮನಿ ತುಂಬಿರ್ಲಿ' ಅಂದಳು. ಅದ ನಿಂದ ಯಕ್ಕಾ. ಐದ ವರ್ಷ ಕಳುವಿನ ಗಂಟಿನಂಗ ನನ್ನ ತಲಿ ಮ್ಯಾಲ ಹೊತ್ತೀನಿ."

ಬೈಬಲಿನಲ್ಲಿ ಕುರುಡು ತಂದೆಯ ಮುಂದೆ ಅಣ್ಣನ ಹೆಸರು ಹೇಳಿ ಆಶೀರ್ವಾದ ಕದ್ದ ತಮ್ಮನ ಕಥೆಯನ್ನು ನಾನು ಶಾಲೆಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ತಮ್ಮನ ಮೇಲೆ ನನಗೆ ಸಿಟ್ಟೇ. ಗುಂಡಮ್ಮನ ಮೇಲೆ ಬರಲಿಲ್ಲ. ಮೊರ ಹಿಡಿದು ನಿಂತಲ್ಲೇ ಅತ್ತುಬಿಟ್ಟೆ. ನನ್ನ ಹುಡುಗಿಯರು ಯಾರೂ ಅಲ್ಲಿರಲಿಲ್ಲ, ಪುಣ್ಯ.

ಭೀಮಬಾಯಿ ಎದ್ದಳು. ಸೀರೆಗೆ ಹತ್ತಿದ ಹಿಟ್ಟು ಕೊಡವಿಕೊಂಡಳು. ಯಾರ ಮುಖವನ್ನೂ ನೋಡದೆ ತೋಪು ದಾಟಿ ಕೇರಿಯ ಕಡೆ ನಡೆದಳು. ಸಂಜೆಯ ಪ್ರಾರ್ಥನೆಗೂ ಬರಲಿಲ್ಲ. ಅವಳ ಜಾಗದಲ್ಲಿ ನಾನೇ ಕೂತು ಬೀಸಿದೆ. ಆ ಹಿಟ್ಟಿನ ಬಗ್ಗೆ ಮಾತು ಬೇಡ. ಗುಂಡಮ್ಮ ಮಾತ್ರ ಹಗುರವಾಗಿ ಕಂಡಳು. "ಹೇಳಿದೆನಲ್ರಿ, ಸಾಕ. ಇನ್ನೊಂದ ವರ್ಷ ಹೊರಗ ಕುಂತ್ರ ಏನಾಗ್ತದ" ಎಂದಳು. ಆದರೂ ಮಾರನೆಯ ದಿನಕ್ಕೆಂದು ಸೀರೆ ಒಗೆದು ಹುಣಸೆ ಕೊಂಬೆಗೆ ಹಾಕಿದ್ದು ನನ್ನ ಕಣ್ಣು ತಪ್ಪಲಿಲ್ಲ.

ಭಾನುವಾರ ಚಪ್ಪರದ ಕೆಳಗೆ ಎಲ್ಲರೂ ಕೂಡಿದರು. ಹಿತ್ತಾಳೆಯ ಬಟ್ಟಲಲ್ಲಿ ನೀರು ಇಟ್ಟಿತ್ತು. ದೀಕ್ಷೆಗೆ ಏಳು ಜನ ನಿಂತಿದ್ದರು, ಕೊನೆಯವಳು ಗುಂಡಮ್ಮ. ಆರು ಜನರದು ಮುಗಿಯಿತು.

"ಈಕೆಗೆ ಸಾಕ್ಷಿ ಯಾರು?" ಎಂದು ಪಾದ್ರಿಗಳು ಕೇಳಿದರು.

ದೌಲಪ್ಪ ತನ್ನ ಕಾಲ್ಬೆರಳು ಎಣಿಸುತ್ತಿದ್ದ. ಪಾದ್ರಿಗಳು ಇನ್ನೊಮ್ಮೆ ಕೇಳಿದರು. ನನಗೇ ಎದ್ದು ನಿಲ್ಲುವಷ್ಟು ಸಂಕಟವಾಯಿತು, ಆದರೆ ನಾನು ಆ ಊರಿನವಳಲ್ಲ. ಗುಂಡಮ್ಮ ತಲೆ ತಗ್ಗಿಸಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು.

"ತಡಾ ಆತ್ರಿ" ಎಂಬ ದನಿ ಹಿಂದಿನಿಂದ ಬಂತು. ಭೀಮಬಾಯಿ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದಳು. ಕೈಯಲ್ಲಿ ತಾಮ್ರದ ಗಿಂಡಿ. ಹುಣಸೆಹಣ್ಣು ಹಾಕಿ ತಿಕ್ಕಿದ್ದು, ಫಳಫಳ ಹೊಳೆಯುತ್ತಿತ್ತು. ತುಂಬಿದ ನೀರು ಒಂದು ಹನಿಯೂ ತುಳುಕದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.

"ಇದೇ ಗಿಂಡಿರಿ" ಎಂದಳು. "ಅವತ್ತ ಇದರಾಗಿನ ನೀರ ಒಳಗ ಹೋಗಲಿಲ್ಲಂತ ಐದ ವರ್ಷ ಬೋರಲ ಹಾಕಿ ಇಟ್ಟಿದ್ದೆ. ಕಿಲುಬ ಹಿಡದಿತ್ತು, ತಿಕ್ಕಾಕ ಹೊತ್ತ ಹಿಡೀತು. ಬಟ್ಟಲ ಬ್ಯಾಡ್ರಿ, ಇದರಲೇ ಹಾಕ್ರಿ. ಅಕಿಗಿ ಸಾಕ್ಷಿ ನಾನ."

ಪಾದ್ರಿಗಳು ಗಿಂಡಿ ತೆಗೆದುಕೊಂಡರು. ದೀಕ್ಷೆಯಾದವರಿಗೆ ಹೊಸ ಹೆಸರು ಇಡುವುದು ಅವರ ರೂಢಿ. ಗುಂಡಮ್ಮನಿಗೂ ಒಂದನ್ನು ಆರಿಸಿಟ್ಟಿದ್ದರು. ಅದು ಬಾಯಿಗೆ ಬರುವಷ್ಟರಲ್ಲಿ ಭೀಮಬಾಯಿ ತಡೆದಳು.

"ಹೆಸರ ಬದಲಿಸಬ್ಯಾಡ್ರಿ. ಒಮ್ಮೆ ನನ್ನ ಹೆಸರ ತಗೊಂಡು ಅತ್ತಿಗಿ ನೀರ ಹಾಕ್ಯಾಳ, ಅದು ಮುಟ್ಟ್ಯಾದ. ಇನ್ನ ಅಕಿ ತನ್ನ ಹೆಸರಿಲೇ ಇರ್ಲಿ."

ಬೀಸುವ ಹೆಂಗಸರು ಹದಿನಾಲ್ಕೂ ಜನ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಗಂಡಸರಿಗೆ ಏನೂ ತಿಳಿಯಲಿಲ್ಲ, ಆಮೇಲೆ ಮನೆಗೆ ಹೋಗಿ ಕೇಳಿಕೊಂಡಿರಬೇಕು. ಗುಂಡಮ್ಮ ಗುಂಡಮ್ಮನಾಗಿಯೇ ತಲೆ ಬಾಗಿಸಿದಳು. ನೀರು ಕೆನ್ನೆಯ ಮೇಲಿಂದ ಇಳಿಯಿತು.

ಆಮೇಲೆ ಕರ್ತನ ಭೋಜನ. ಅದಕ್ಕೆಂದು ನಾನು ಶನಿವಾರ ಅವರಿಬ್ಬರೂ ಹಾಡುತ್ತ ಬೀಸಿದ ಎಂಟನೆಯ ಕಲ್ಲಿನ ಹಿಟ್ಟನ್ನು ಬೇರೆ ತೆಗೆದಿಟ್ಟು ನಾನೇ ರೊಟ್ಟಿ ತಟ್ಟಿದ್ದೆ. ಅಂಚು ಎಲ್ಲಿಯೂ ಒಡೆದಿರಲಿಲ್ಲ. ಪಾದ್ರಿಗಳು ರೊಟ್ಟಿ ಕೈಗೆತ್ತಿಕೊಂಡದ್ದೇ ತಡ, ಗುಂಡಮ್ಮ ಎರಡು ವರ್ಷದ ರೂಢಿಯಂತೆ ಎದ್ದು ಹೊರಗೆ ಹೊರಟುಬಿಟ್ಟಳು. ಭೀಮಬಾಯಿ ಸೆರಗು ಹಿಡಿದು ಜಗ್ಗಿದಳು.

"ಎಲ್ಲಿಗಿ ಹೊಂಟಿ?" ಎಂದಳು. "ಒಳಗ ಕುಂದ್ರು."